ಹಳ್ಳದಿಂದ ಹುಣಸೆಮರದ ತನಕ

ಚಂದ್ರಗುತ್ತಿ
೧೮ ಫೆಬ್ರವರಿ ೧೯೫೮

ಅಣ್ಣನಿಗೆ ದ್ಯಾಮಮ್ಮನ ನಮಸ್ಕಾರ.

ಇಲ್ಲಿ ಎಲ್ಲರ ಮೈಯೂ ಗಟ್ಟಿಯಾಗಿದೆ, ಮನಸ್ಸು ಮಾತ್ರ ಒಬ್ಬರದೂ ನೆಟ್ಟಗಿಲ್ಲ. ಅದಕ್ಕೆ ಕಾರಣ ನೀನು. ಈ ಕಾಗದ ಕೂತು ಓದು.

ಬನವಾಸಿಯ ಮದುವೆ ಮುಗಿಸಿಕೊಂಡು ನಾವೆಲ್ಲ ನಿನ್ನೆ ಮಧ್ಯಾಹ್ನ ಮನೆಗೆ ಬಂದೆವು. ನಾವಿಲ್ಲದಾಗ ನೀನು ಕುರಿ ಹೊಡೆದುಕೊಂಡು ಬಂದು, ಗದ್ದೆಯಲ್ಲಿ ಮಂದೆ ಕೂರಿಸಿ, ಮುಂದಿನ ಊರಿಗೆ ಹೊರಟೂ ಹೋದೆಯೆಂದು ನೆರೆಯವರು ಹೇಳಿದರು. ಮಾವನವರಿಗೆ ಹಿಗ್ಗೋ ಹಿಗ್ಗು. ಕುರಿಮಂದೆ ಕೆಲವು ರಾತ್ರಿ ಮಲಗೆದ್ದ ನೆಲಕ್ಕೆ ಆ ವರ್ಷ ಬೇರೆ ಗೊಬ್ಬರವೇ ಬೇಡವಲ್ಲ. ಕಾಲು ಕೂಡ ತೊಳೆಯದೆ ಗದ್ದೆಗೆ ಓಡಿದರು. ವಾಪಸು ಬಂದಾಗ ಅವರ ಮುಖ ನೋಡುವ ಹಾಗಿರಲಿಲ್ಲ. ನಮ್ಮ ಗದ್ದೆಯಲ್ಲಿ ಹುಡುಕಿದರೂ ಒಂದು ಹಿಕ್ಕೆ ಇಲ್ಲ. ಹುಣಸೆಮರದ ಹತ್ತಿರದ ಗದ್ದೆಯಲ್ಲಿ ಕಾಲಿಡಲು ಜಾಗವಿಲ್ಲ.

ಆ ಗದ್ದೆ ಯಾರದು ಗೊತ್ತೇನು? ಈಶ್ವರಮ್ಮನವರದು. ಮಾವನವರ ತೀರಿಕೊಂಡ ತಮ್ಮನ ಹೆಂಡತಿ, ನನಗೆ ಚಿಕ್ಕತ್ತೆ. ಹಿಸ್ಸೆಯಾದಾಗ ಶುರುವಾದ ಜಗಳ, ಎರಡು ಮನೆಗೂ ಮಾತಿಲ್ಲ. ಅವರು ಗದ್ದೆಯ ತಲೆಯಲ್ಲೇ ಸಣ್ಣ ಮನೆ ಕಟ್ಟಿಕೊಂಡು ಒಬ್ಬರೇ ಇದ್ದಾರೆ. ಅಲ್ಲಿಗೆ ಹೋಗುವ ಗಾಡಿದಾರಿ ನಮ್ಮ ಹಿಸ್ಸೆಯೊಳಗೆ ಬಂತೆಂದು ಮಾವನವರು ಬಿದಿರುಗಳಗಳ ಉಣಗೋಲು ಹಾಕಿ ಮುಚ್ಚಿದ್ದಾರೆ. ಪಾಪ, ಅವರು ಹುಲ್ಲು, ಗೊಬ್ಬರ, ಕಟ್ಟಿಗೆ ಎಲ್ಲವನ್ನೂ ತಲೆಯ ಮೇಲೆ ಹೊತ್ತು ಕೆರೆ ಏರಿ ಬಳಸಿಕೊಂಡು ಹೋಗುತ್ತಾರೆ. ಅಂಥವರ ಗದ್ದೆಗೆ ನೀನು ಕುರಿ ಕೂರಿಸಿದ್ದೀಯ!

“ನಿಮ್ಮಣ್ಣ ಕುರಿ ಕಾಯ್ತಾನೋ, ಕುರಿ ಅವನ್ನ ಕಾಯ್ತಾವೋ? ಬಂದು ಇದನ್ನ ಸರಿ ಮಾಡೋ ತನ್ಕ ಈ ಮನೇಲಿ ತವರಿನ ಹೆಸರು ಎತ್ತಬ್ಯಾಡ” ಎಂದರು ಮಾವನವರು. ಯುಗಾದಿಗೆ ಊರಿಗೆ ಬರುವ ನನ್ನ ಆಸೆ ಅಲ್ಲಿಗೆ ಮುಗಿಯಿತು. ನಿಮ್ಮ ಭಾವ ಕಂಬಕ್ಕೆ ಒರಗಿಕೊಂಡು ಕೆಮ್ಮಿದರು. ನನ್ನ ಪರವಾಗಿ ಅವರು ಮಾಡಿದ್ದು ಅಷ್ಟೇ.

ಇವತ್ತು ಬೆಳಿಗ್ಗೆ ಇನ್ನೊಂದು ವಿಚಿತ್ರ. ನಾನು ಈ ಮನೆಗೆ ಬಂದಾಗಿನಿಂದ ನಮ್ಮ ಅಂಗಳ ತುಳಿಯದ ಚಿಕ್ಕತ್ತೆ ಒಂದು ಬುಟ್ಟಿ ಅವರೆಕಾಯಿ ತಂದು ಜಗಲಿಯ ಮೇಲಿಟ್ಟರು. “ಭಾವನೋರಿಗೆ ಕೊಡವ್ವ” ಎಂದವರೇ ತಿರುಗಿ ನೋಡದೆ ಹೋದರು. ಬುಟ್ಟಿ ಹಿಡಿದುಕೊಂಡು ನಿಂತವಳಿಗೆ ನನಗೇನೂ ಅರ್ಥವಾಗಲಿಲ್ಲ. ಅಲ್ಲಿ ಏನು ನಡೆಯಿತು ಅಂತ ಕೂಡಲೇ ಬರೆ.

ನಿನ್ನ ಮೇಲೆ ಸಿಟ್ಟಾಗಿರುವ ತಂಗಿ,
ದ್ಯಾಮಮ್ಮ


ಉಡುತಡಿ
೨ ಮಾರ್ಚ್ ೧೯೫೮

ತಂಗಿ ದ್ಯಾಮಮ್ಮನಿಗೆ,

ಕಾಗದ ಕೂತೇ ಓದಿದೆ. ನಿಮ್ಮತ್ತಿಗೆ ಗುತ್ಯಮ್ಮ ನಿಂತು ಕೇಳಿಸಿಕೊಂಡಳು. ನಕ್ಕು ನಕ್ಕು ಅವಳೂ ಕೂತಳು.

ತಪ್ಪು ನನ್ನದೇ ಅನ್ನು, ಒಪ್ಪಿಕೊಳ್ಳುತ್ತೇನೆ. ಆದರೆ ನಿನ್ನನ್ನು ಆ ಮನೆಗೆ ಕೊಡುವ ಮೊದಲು ನಾವು ಮನೆ ನೋಡಲು ಬಂದಿದ್ದು ನೆನಪಿದೆಯಲ್ಲ? ಅವತ್ತು ನಿಮ್ಮ ಮಾವನವರು ನಮ್ಮನ್ನು ಕೆರೆ ಏರಿಯ ಮೇಲೆ ನಿಲ್ಲಿಸಿ, ಒಂದು ಕೈ ಸೊಂಟದ ಮೇಲಿಟ್ಟು, ಇನ್ನೊಂದು ಕೈಯನ್ನು ಆ ಕಡೆಯಿಂದ ಈ ಕಡೆಗೆ ಬೀಸಿ, “ಹಳ್ಳದಿಂದ ಹುಣಸೆಮರದ ತನ್ಕ ಎಲ್ಲಾ ನಮ್ದೇ ರೀ” ಅಂದಿದ್ದರು. ಹೆಣ್ಣು ಕೊಡುವವರು ಸರಪಳಿ ಹಿಡಿದು ನೆಲ ಅಳೆಯುತ್ತಾರೇನು? ನಾನು ನಂಬಿದೆ. ಹಿಸ್ಸೆಯಾಗಿ ಅದರಲ್ಲಿ ಅರ್ಧ ತಮ್ಮನ ಮನೆಗೆ ಹೋಗಿದೆ ಅಂತ ಅವರೂ ಹೇಳಲಿಲ್ಲ, ಆಮೇಲೆ ನೀನೂ ಬರೆಯಲಿಲ್ಲ.

ಈಗ ನಾನು ಬಂದಾಗ ಮನೆಗೆ ಬೀಗ. ಗದ್ದೆ ನನಗೆ ಗೊತ್ತೇ ಇದೆಯಲ್ಲ ಅಂತ ನೇರ ಅಲ್ಲಿಗೇ ಹೋದೆ. ಅಲ್ಲಿದ್ದ ಎರಡು ಗದ್ದೆಗಳಲ್ಲಿ ಹುಣಸೆಮರದ ಕಡೆಯದು ತೀರಾ ಬಿಳಿಚಿಕೊಂಡಿತ್ತು. ಗೊಬ್ಬರ ಬೇಕಾದದ್ದು ಇದಕ್ಕೇ ಅಂತ ಅಲ್ಲೇ ಕೂರಿಸಿದೆ.

ಸಂಜೆ ಒಬ್ಬ ಹಿರಿಯ ಹೆಂಗಸು ಬದುವಿನ ಮೇಲೆ ಬಂದು ನಿಂತರು. ಬಹಳ ಹೊತ್ತು ಕುರಿಗಳನ್ನೇ ನೋಡಿದರು. “ಯಾರು ಕಳ್ಸಿದ್ರಪ್ಪಾ?” ಅಂದರು. “ಚಂದ್ರಶೇಖರಪ್ಪನೋರು ಹೇಳಿ ಕಳ್ಸಿದ್ರು, ತಾಯಿ” ಅಂತ ನಿಮ್ಮ ಮಾವನವರ ಹೆಸರು ಹೇಳಿದೆ. ಅವರು ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋಗಿ ಒಂದು ಚೊಂಬು ಮಜ್ಜಿಗೆ ತಂದುಕೊಟ್ಟರು. ಉಪ್ಪು, ಶುಂಠಿ, ಕರಿಬೇವು ಹಾಕಿದ ಮಜ್ಜಿಗೆ. ಇದ್ದಷ್ಟು ದಿನವೂ ತಂದುಕೊಟ್ಟರು. ನಿಮ್ಮ ಮನೆಯವರೇ ಯಾರೋ ಇರಬೇಕು ಅಂದುಕೊಂಡಿದ್ದೆ. ನಿನ್ನ ಬಗ್ಗೆಯೂ ಕೇಳಿದರು, ನಗುನಗುತ್ತ ಇರುತ್ತಾಳಾ ಅಂತ.

ಆ ತಾಯಿ ಇದನ್ನು ಭಾವನೇ ಮಾಡಿದ ಉಪಕಾರ ಅಂತ ತಿಳಿದಿದ್ದಾರೆ, ನೋಡು. ನಾನೇ ಬಂದು ತಪ್ಪಾಯಿತು ಅಂತ ಹೇಳಿಬಿಡಲೇ?

ನಿನ್ನ ಅಣ್ಣ,
ಗುಡ್ಡಪ್ಪ


ಚಂದ್ರಗುತ್ತಿ
೨೪ ಮಾರ್ಚ್ ೧೯೫೮

ಅಣ್ಣನಿಗೆ ನಮಸ್ಕಾರ.

ಯುಗಾದಿ ಇಲ್ಲೇ ಆಯಿತು. ಬೇವು ಮಾಮೂಲಿಗಿಂತ ಕಹಿಯಾಗಿತ್ತು, ಬೆಲ್ಲ ಹಾಕಿದವರು ನಮ್ಮ ಮಾವ.

ನೀನು ಬರಬೇಡ. ಹೇಳಲೂ ಬೇಡ. ಯಾಕೆಂದು ಕೇಳು.

ಅವರೆಕಾಯಿ ಬಂದ ಆ ದಿನ ಮಾವನವರು ಚಿಕ್ಕತ್ತೆಯ ಮನೆಗೆ ಹೋಗಿ, ಕುರಿ ಬಂದದ್ದು ತಪ್ಪಿ ಬಂದದ್ದು ಎಂದು ಮುಖಕ್ಕೆ ಹೇಳಿ ಬರುತ್ತೇನೆಂದು ರುಮಾಲು ಸುತ್ತಿಕೊಂಡಿದ್ದರು. “ಉಂಡು ಹೋಗ್ರಿ” ಎಂದರು ಅತ್ತೆ. ಅತ್ತೆ ದುರ್ಗಮ್ಮನವರು ಅಷ್ಟರಲ್ಲಿ ಅವರೆಕಾಯಿ ಬಿಡಿಸಿ ಸಾರು ಮಾಡಿಯೇಬಿಟ್ಟಿದ್ದರು. ಮಾವನವರು ಎರಡು ರೊಟ್ಟಿ ಮುಗಿಸಿ, “ಎಲ್ಲಿಯ ಅವರೆ ಇದು, ಇಷ್ಟು ಸೊಗಡು?” ಎಂದರು. “ಈಶ್ವರಮ್ಮಂದು” ಎಂದರು ಅತ್ತೆ. ತಟ್ಟೆಯ ಮೇಲೆ ಕೈ ಹಾಗೇ ನಿಂತಿತು. ನಾನು ಒಲೆಯ ಕಡೆ ತಿರುಗಿಕೊಂಡೆ. ಹಿಂದಿನಿಂದ “ಇನ್ನೊಂದು ಸೌಟು ಹಾಕು” ಎಂಬ ಮಾತು ಕೇಳಿಸಿತು. ಉಂಡ ಮೇಲೆ ರುಮಾಲು ಬಿಚ್ಚಿ ಗೂಟಕ್ಕೆ ಸಿಕ್ಕಿಸಿ ಮಲಗಿಬಿಟ್ಟರು.

ಅಷ್ಟರಲ್ಲಿ ಚಿಕ್ಕತ್ತೆ ಕೆರೆಯ ಹತ್ತಿರ, ಗಿರಣಿಯ ಹತ್ತಿರ, ಎಲ್ಲಿ ನಾಲ್ಕು ಜನ ಸೇರಿದರೂ ಅಲ್ಲಿ, ನಮ್ಮ ಭಾವನೋರಂಥ ಭಾವ ಯಾರಿಗೂ ಇಲ್ಲ ಎಂದು ಹೇಳಿಕೊಂಡು ತಿರುಗಿದ್ದಾರೆ. ಮಾವನವರು ಶಿರಾಳಕೊಪ್ಪದ ಸಂತೆಗೆ ಹೋದರೆ ಎಣ್ಣೆ ಅಂಗಡಿಯವರೂ “ಒಳ್ಳೇ ಕೆಲಸ ಮಾಡಿದ್ರಿ ಗೌಡ್ರೇ” ಎಂದು ಕೈ ಮುಗಿದರಂತೆ. ಮನೆಗೆ ಬಂದವರು ಕನ್ನಡಿ ಮುಂದೆ ನಿಂತು ಮೀಸೆ ನೋಡಿಕೊಂಡರು. ಬೈಯುವುದನ್ನು ನಿಲ್ಲಿಸಿಲ್ಲ, ಆದರೆ ಸ್ವರ ಇಳಿದಿದೆ.

ನಗುವ ಮಾತು ಇಷ್ಟೇ. ಇನ್ನೊಂದು ಮಾತಿಗೆ ನನಗೆ ನಿದ್ದೆ ಬರುತ್ತಿಲ್ಲ. ಚಿಕ್ಕತ್ತೆ ಈ ವರ್ಷ ಗದ್ದೆ ಮಾರಿ, ಶಿಕಾರಿಪುರದಲ್ಲಿರುವ ಮಗಳು ಸುಂಕಲಮ್ಮನ ಮನೆಗೆ ಹೋಗಿಬಿಡುವುದೆಂದು ತೀರ್ಮಾನ ಮಾಡಿದ್ದರಂತೆ. ಕೊಳ್ಳುವವರು ಬಂದು ನೋಡಿಯೂ ಹೋಗಿದ್ದರು. ನಿನ್ನೆ ಕೆರೆಯಲ್ಲಿ ಬಟ್ಟೆ ಒಗೆಯುವಾಗ ನನಗೆ ಹೇಳಿದರು: “ಮಗಳ ಮನೆ ಮೂಲೇಲಿ ಕೂತು ಉಣ್ಣೋದು ನನಗೆ ಗಂಟಲಲ್ಲಿ ಇಳಿಯಲ್ಲ ಕಣೆ. ಆದ್ರೂ ಹೊರಟಿದ್ದೆ. ಈಗ ಇಷ್ಟು ಗೊಬ್ರ ಬಿದ್ದ ನೆಲಾನ ಹೆಂಗ್ ಬಿಟ್ ಹೋಗ್ಲಿ? ಭಾವನೋರು ಮನಸು ಮಾಡ್ಯಾರೆ. ಒಂದ್ ಬೆಳೆ ನೋಡೇಬಿಡ್ತೀನಿ.”

ನಾನು ಅವರ ಮುಖ ನೋಡಲಾರದೆ ಸೀರೆ ಹಿಂಡುತ್ತ ಕೂತೆ. ಕುರಿ ದಾರಿ ತಪ್ಪಿ ಬಂದವು ಎಂದು ತಿಳಿದರೆ ಅವರು ನಾಳೆಯೇ ಬಸ್ಸು ಹತ್ತುತ್ತಾರೆ. ಅಣ್ಣ, ಆ ಹೆಂಗಸು ಈ ಊರು ಬಿಟ್ಟು ಹೋಗುವುದು ನನಗೆ ಬೇಡ. ಆದರೆ ದಾರಿಯೇ ಇಲ್ಲದ ಗದ್ದೆಗೆ ನೇಗಿಲು, ಎತ್ತು ಹೋಗುವುದಾದರೂ ಹೇಗೆ? ಅದೊಂದನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ದ್ಯಾಮಮ್ಮ


ಉಡುತಡಿ
೧೫ ಏಪ್ರಿಲ್ ೧೯೫೮

ತಂಗಿ,

ನಿನ್ನ ಕಾಗದ ಬಂದಾಗಿನಿಂದ ನನಗೆ ಸಮಾಧಾನವಿಲ್ಲ. ಮಾಡದ ಉಪಕಾರಕ್ಕೆ ಮಜ್ಜಿಗೆ ಕುಡಿದು ಬಂದೆನಲ್ಲ ಅಂತ ಗಂಟಲು ಕೆರೆಯುತ್ತದೆ. ಬಂದು ಹೇಳಿಯೇಬಿಡುತ್ತೇನೆ ಅಂತ ಒಂದು ದಿನ ಬಸ್ಸಿಗೂ ಹೊರಟೆ. ನಿಮ್ಮತ್ತಿಗೆ ಬಾಗಿಲಿಗೆ ಅಡ್ಡ ನಿಂತು, “ಹೇಳಿ ಏನ್ ಮಾಡ್ತೀರಿ? ಹಿಕ್ಕೆ ಎಲ್ಲಾ ಆರಿಸ್ಕೊಂಡು ವಾಪಸ್ ತರ್ತೀರೇನ್ರೀ?” ಅಂದಳು. ಚಪ್ಪಲಿ ಬಿಟ್ಟು ಒಳಗೆ ಬಂದೆ.

ಆಯಿತು, ನಾನು ಹೇಳುವುದಿಲ್ಲ. ಆದರೆ ದಾರಿಯ ಮಾತು ನನ್ನ ತಲೆಯಿಂದ ಹೋಗುತ್ತಿಲ್ಲ. ದಾರಿ ಮುಚ್ಚಿದ ಮನುಷ್ಯನ ಹೆಸರಲ್ಲಿ ನಾನು ಗೊಬ್ಬರ ಹಾಕಿ ಬಂದಿದ್ದೇನೆ. ಊರವರ ಹೊಗಳಿಕೆಯನ್ನು ಅವರು ಬೇಡ ಅನ್ನದೆ ತೆಗೆದುಕೊಂಡಿದ್ದಾರೆ. ತೆಗೆದುಕೊಂಡ ಮೇಲೆ ಅದಕ್ಕೆ ತಕ್ಕ ಹಾಗೆ ನಡೆಯಬೇಕಲ್ಲವೇ? ಇದನ್ನು ನೀನು ಅವರ ಮುಂದೆ ಆಡಬೇಡ, ನಿನಗೇ ಕಷ್ಟ. ಸುಮ್ಮನೆ ನೋಡುತ್ತಿರು.

ಬರುವ ವರ್ಷ ನಿಮ್ಮ ಗದ್ದೆಯಲ್ಲಿ ಕುರಿ ಕೂರಿಸಿಕೊಡುತ್ತೇನೆ, ಮಂದೆಯ ಕೂಲಿಗೆ ಕಾಳು ಕೇಳುವುದಿಲ್ಲ ಅಂತ ನಿಮ್ಮ ಮಾವನವರಿಗೆ ತಿಳಿಸು.

ಗುಡ್ಡಪ್ಪ


ಚಂದ್ರಗುತ್ತಿ
೧೬ ಜೂನ್ ೧೯೫೮

ಅಣ್ಣ,

ಇಲ್ಲಿ ಮಳೆ ಹಿಡಿದಿದೆ. ಈ ಕಾಗದವನ್ನು ಓಡಿ ಬಂದು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಸಂತೋಷಕ್ಕೆ ಎಂದು ತಿಳಿ.

ಚಿಕ್ಕತ್ತೆ ಉಳುಮೆಗೆ ಉಜ್ಜಪ್ಪನವರಿಗೆ ಹೇಳಿದ್ದರು. ಅವರು ಗುರುವಾರ ಬೆಳಿಗ್ಗೆ ನೇಗಿಲು ಹೆಗಲಿಗೇರಿಸಿ, ಎತ್ತು ಹೊಡೆದುಕೊಂಡು ಬಂದು ಉಣಗೋಲಿನ ಮುಂದೆ ನಿಂತರು. ಏರಿಯ ದಾರಿ ಹಿಡಿಯುವಂತಿರಲಿಲ್ಲ; ಅಲ್ಲಿ ಕೆಸರಿಗೆ ಮನುಷ್ಯರೇ ಜಾರಿ ಬೀಳುತ್ತಿದ್ದರು. ಮಾವನವರು ಜಗಲಿಯಲ್ಲಿ ಕೂತು ಹಗ್ಗ ಹೊಸೆಯುತ್ತಿದ್ದರು, ನಾನು ಅಂಗಳದಲ್ಲಿ ಸಗಣಿ ಬಾಚುತ್ತಿದ್ದೆ. ಉಜ್ಜಪ್ಪನವರಿಗೆ ಒಳಗಿನ ಸಂಗತಿ ಏನು ಗೊತ್ತು? ನಗುತ್ತಲೇ ಕೂಗಿದರು: “ಚಂದ್ರಶೇಖರಪ್ಪೋ, ಕುರಿ ಕಳ್ಸಿದೋರು ಎತ್ತಿಗೆ ದಾರಿ ಬಿಡಲ್ವಾ?”

ನಾನು ಬುಟ್ಟಿ ಕೆಳಗಿಟ್ಟೆ. ಈಗ ಮಾವನವರು ಸಿಡಿದು, ಕುರಿ ನಾನು ಕಳಿಸಿದ್ದಲ್ಲ ಎಂದು ಊರಿಗೆಲ್ಲ ಕೇಳುವ ಹಾಗೆ ಹೇಳಿಬಿಡುತ್ತಾರೆ ಎಂದುಕೊಂಡೆ. ಅವರು ಬಾಯಿ ತೆರೆದದ್ದೂ ಹೌದು. ಆಮೇಲೆ ಹಗ್ಗ ಪಕ್ಕಕ್ಕಿಟ್ಟು ಎದ್ದರು. ಮಳೆಯಲ್ಲೇ ನಡೆದುಹೋಗಿ ಗಳಗಳನ್ನು ಒಂದೊಂದಾಗಿ ಜಾರಿಸಿ ತೆಗೆದರು. “ದನ ನುಗ್ಗಬಾರ್ದು ಅಂತ ಹಾಕಿದ್ದಪ್ಪ. ಉಳೋ ಕಾಲದಾಗೆ ಯಾರು ಮುಚ್ತಾರೆ?” ಎಂದು ಬೇಲಿಗೆ ಹೇಳಿದರು. ಉಜ್ಜಪ್ಪನವರ ಮುಖ ನೋಡಲಿಲ್ಲ.

ಸಂಜೆ ಗಳಗಳನ್ನು ಮತ್ತೆ ಹಾಕುತ್ತಾರೆಂದು ಕಾದೆ. ಹಾಕಲಿಲ್ಲ. ಮಾರನೆಯ ದಿನವೂ ಅವು ಬೇಲಿಗೆ ಒರಗಿಕೊಂಡೇ ಇದ್ದವು. ನಮ್ಮ ಅತ್ತೆ ಜಾಣೆ. ಅವನ್ನು ಸದ್ದಿಲ್ಲದೆ ಎತ್ತಿ ತಂದು ಹೀರೆಬಳ್ಳಿಗೆ ಚಪ್ಪರ ಹಾಕಿಬಿಟ್ಟರು. ಮಾವನವರು ಚಪ್ಪರ ನೋಡಿದರು, ಅತ್ತೆಯನ್ನು ನೋಡಿದರು, “ಗಳ ಗಟ್ಟಿ ಅದಾವೆ” ಎಂದು ಹೇಳಿ ಉಣ್ಣಲು ಕೂತರು.

ನಿನ್ನ ಒಂದು ತಪ್ಪು, ಒಂದು ಚೊಂಬು ಮಜ್ಜಿಗೆ, ಒಂದು ಬುಟ್ಟಿ ಅವರೆಕಾಯಿ. ಇಷ್ಟರಲ್ಲೇ ಇದು ಆಗಿದೆ ಎಂದರೆ ನನಗೇ ನಂಬಿಕೆ ಬರುವುದಿಲ್ಲ. ಇವತ್ತು ನನಗೆ ಬಹಳ ಸಂತೋಷವಾಗಿದೆ, ಅಣ್ಣ. ಯಾರ ಹತ್ತಿರವೂ ಹೇಳುವಂತಿಲ್ಲ, ಅದಕ್ಕೇ ನಿನಗೆ ಬರೆದೆ.

ದ್ಯಾಮಮ್ಮ


ಉಡುತಡಿ
೮ ಜುಲೈ ೧೯೫೮

ತಂಗಿ,

ಶಿರಾಳಕೊಪ್ಪದ ಬಸ್ಸಿನವರ ಕೈಲಿ ಒಂದು ಕರೀ ಕಂಬಳಿ ಕಳಿಸಿದ್ದೇನೆ. ನಮ್ಮ ಕುರಿಯದೇ ಉಣ್ಣೆ, ನಿಮ್ಮತ್ತಿಗೆಯೇ ನೂತದ್ದು. ನಿನಗಲ್ಲ, ಮುಖ ಊದಿಸಿಕೊಳ್ಳಬೇಡ. ನಾಟಿಯಲ್ಲಿ ತಲೆಯ ಮೇಲಿಂದ ಕೊಪ್ಪೆ ಹಾಕಿಕೊಳ್ಳಲಿ ಅಂತ ಆ ತಾಯಿಗೆ ಕೊಡು. ಮಜ್ಜಿಗೆಗೆ ಬದಲು ಅನ್ನಬೇಡ, ಮಳೆಗೆ ಅನ್ನು.

ನಾನು ನಿಮ್ಮ ಮಾವನವರನ್ನು ಬೈದುಕೊಂಡದ್ದೆಲ್ಲ ವಾಪಸು ತೆಗೆದುಕೊಂಡಿದ್ದೇನೆ. ನಿಮ್ಮತ್ತಿಗೆ ಸಾಕ್ಷಿ.

ಗುಡ್ಡಪ್ಪ


ಚಂದ್ರಗುತ್ತಿ
೫ ಡಿಸೆಂಬರ್ ೧೯೫೮

ಅಣ್ಣನಿಗೆ ನಮಸ್ಕಾರ.

ಬಹಳ ದಿನ ಬರೆಯಲಿಲ್ಲ. ಮೊದಮೊದಲು ನಾಟಿ, ಕಳೆ. ಆಮೇಲೆ ನನಗೇ ತಲೆಸುತ್ತು, ವಾಂತಿ. ಯಾಕೆಂದು ಅತ್ತಿಗೆಯನ್ನು ಕೇಳು, ಅವಳು ಹೇಳುತ್ತಾಳೆ. ಚೊಚ್ಚಲು ಹೆರಿಗೆಗೆ ತವರಿಗೆ ಕಳಿಸಬೇಕೆಂದು ಮಾವನವರೇ ಬಾಯಿಬಿಟ್ಟು ಹೇಳಿದ್ದಾರೆ. ತವರಿನ ಹೆಸರು ಎತ್ತಬ್ಯಾಡ ಎಂದಿದ್ದವರು!

ಚಿಕ್ಕತ್ತೆಯ ಗದ್ದೆ ಈ ವರ್ಷ ಹೇಗೆ ಬಂತೆಂದರೆ, ದಾರಿಯಲ್ಲಿ ಹೋಗುವವರು ನಿಂತು ನೋಡಿ ಹೋಗುತ್ತಿದ್ದರು. ನಮ್ಮದು ಪಕ್ಕದಲ್ಲಿ ಬಡಕಲಾಗಿ ನಿಂತಿತ್ತು. ಮಾವನವರು ದಿನವೂ ಎರಡರ ನಡುವಿನ ಬದುವಿನ ಮೇಲೆ ಓಡಾಡುತ್ತ, ಚಿಕ್ಕತ್ತೆಯ ಪೈರಿನಲ್ಲಿ ಹುಳ ಬಿದ್ದಿದೆಯೇ ಎಂದು ಬಗ್ಗಿ ನೋಡುತ್ತಿದ್ದರು. ಹೊಟ್ಟೆಕಿಚ್ಚೋ ಅಕ್ಕರೆಯೋ ನನಗೆ ತಿಳಿಯಲಿಲ್ಲ. ಎರಡೂ ಇರಬಹುದು.

ಮೊನ್ನೆ ಚಿಕ್ಕತ್ತೆಯ ಕಣದಲ್ಲಿ ಬಡಿಯುವ ಕೆಲಸ ನಡೆದಿತ್ತು. ಮಜ್ಜಿಗೆ ತೆಗೆದುಕೊಂಡು ನಾನು ಹೋದೆ, ತೆರೆದ ದಾರಿಯಲ್ಲೇ. ಅವರು ನಿನ್ನ ಕಂಬಳಿ ಹಾಸಿಕೊಂಡು ಹುಲ್ಲಿನ ಮೆದೆಗೆ ಒರಗಿ ಕೂತಿದ್ದರು. ನನ್ನನ್ನೂ ಕೂರಿಸಿಕೊಂಡರು. ಇಷ್ಟು ಒಳ್ಳೆಯ ಹೆಂಗಸಿಗೆ ಸುಳ್ಳು ನಡೆಸಿಕೊಂಡು ಬಂದೆನಲ್ಲ ಎಂದು ನನಗೆ ತಡೆಯಲಾಗಲಿಲ್ಲ. “ಚಿಕ್ಕತ್ತೆ, ಆ ಕುರಿ ಸಂಗತಿ...” ಎಂದು ಶುರು ಮಾಡಿದೆ.

“ದಾರಿ ತಪ್ಪಿ ಬಂದಿದ್ವು. ಅದೇ ತಾನೆ?” ಎಂದರು.

ನಾನು ತಿರುಗಿ ಅವರ ಮುಖ ನೋಡಿದೆ.

“ಅವತ್ತು ಸಂಜೇನೇ ಗೊತ್ತಾತು ಕಣೆ. ನನ್ನ ಗಂಡ ಹೋದಾಗ್ಲೂ ಹೊಸ್ತಿಲು ದಾಟದೋರು ನನ್ನ ಗದ್ದೆಗೆ ಕುರಿ ಕಳುಸ್ತಾರಾ? ಹೇಳೋಣ ಅಂತ್ಲೇ ಬದು ಮೇಲೆ ಬಂದೆ. ಕುರಿ ಆಗ್ಲೇ ಮಲಗಿದ್ವು. ನಿಮ್ಮಣ್ಣನ ಕಾಲು ನೋಡಿದ್ರೆ ಧೂಳು ಮೆತ್ಕಂಡು ಒಡ್ದು ಹೋಗಿದ್ವು. ಎಬ್ಬಿಸಿ ಕಳ್ಸಕ್ಕೆ ಮನಸಾಗ್ಲಿಲ್ಲ. ನಿಮ್ಮಾವನ ಹೆಸರು ಬೇರೆ ಹೇಳ್ದ. ಆ ಹೆಸರು ನನ್ನ ಗದ್ದೇಲಿ ಕೇಳಿ ಎಷ್ಟು ವರ್ಷ ಆಗಿತ್ತು.”

“ಮತ್ತೆ ಊರೆಲ್ಲಾ ಹೊಗಳಿಕೊಂಡು ತಿರುಗಿದ್ರಲ್ಲ?”

“ಸುಳ್ಳೇನು ಹೇಳ್ದೆ? ನಾನು ಮದ್ವೆಯಾಗಿ ಬಂದ ವರ್ಷ ನನಗೆ ಜ್ವರ ಏರಿ ನಾಲಿಗೆ ಬಿದ್ದು ಹೋಗಿತ್ತು. ಮಳೇಲಿ ಗಾಡಿ ಕಟ್ಟಿ ಸೊರಬಕ್ಕೆ ಕರ್ಕಂಡು ಹೋದೋರು ಯಾರು? ನನ್ನ ಗಂಡ ಅಳ್ತಾ ಕೂತಿದ್ರು, ಭಾವನೋರೇ ಎತ್ತು ಹೊಡೆದ್ರು. ಅವ್ರು ಅಂಥೋರೇ ಕಣೆ. ನಡುವೆ ಮರ್ತಿದ್ರು. ನಾನೂ ಮರ್ತಿದ್ದೆ. ಯಾರಾದ್ರೂ ನೆನಪು ಮಾಡ್ಬೇಕಿತ್ತು, ಕುರಿ ಮಾಡಿದ್ವು.”

ನಾನು ನಕ್ಕೆನೋ ಅತ್ತೆನೋ ಗೊತ್ತಿಲ್ಲ. ಅವರು ಸೆರಗಿನಿಂದ ನನ್ನ ಮುಖ ಒರೆಸಿ, “ನಿಮ್ಮಾವಂಗೆ ಇದನ್ನ ಹೇಳ್ಬ್ಯಾಡ. ಪಾಪ, ಖುಷಿಯಾಗಿ ಅದಾರೆ” ಎಂದರು.

ನಿನ್ನೆ ಹೊಸ ಅಕ್ಕಿ ತಂದು ಅತ್ತೆಯ ಕೈಗೆ ಕೊಟ್ಟು ಹೋದರು. ಮಾವನವರು ಆ ಅನ್ನ ಉಂಡು, ಎದ್ದವರೇ ಮಸಿಕುಡಿಕೆ ಎಲ್ಲಿ ಎಂದು ಕೇಳಿದರು. ಯಾರಿಗೆ ಬರೆಯುತ್ತೀರಿ ಎಂದು ಕೇಳುವ ಧೈರ್ಯ ಯಾರಿಗೂ ಆಗಲಿಲ್ಲ. ಒಂದಕ್ಷರವೂ ಬರೆಯದೆ ಆಮೇಲೆ ಕುಡಿಕೆ ಮುಚ್ಚಿಟ್ಟರು, ಆದರೆ ಮನಸ್ಸಿನಲ್ಲಿ ಏನೋ ಇದೆ.

ಅತ್ತಿಗೆಗೆ ಹೇಳು, ಹುಳಿ ಉಪ್ಪಿನಕಾಯಿ ತೆಗೆದಿಟ್ಟಿರಲಿ.

ದ್ಯಾಮಮ್ಮ


ಚಂದ್ರಗುತ್ತಿ
೧೯ ಜನವರಿ ೧೯೫೯

ಉಡುತಡಿಯ ಬೀಗರಾದ ಗುಡ್ಡಪ್ಪನವರಿಗೆ ಚಂದ್ರಶೇಖರಪ್ಪನು ತಿಳಿಸುವುದೇನೆಂದರೆ,

ನಾನು ಕಾಗದ ಬರೆಯುವವನಲ್ಲ. ಬರೆಯಬೇಕಾಗಿ ಬಂದಿದೆ.

ತಾವು ದ್ಯಾಮಮ್ಮನನ್ನು ಕರೆದುಕೊಂಡು ಹೋಗಲು ಬರುವಾಗ ಕುರಿಯನ್ನೂ ತರತಕ್ಕದ್ದು. ಕಾಳು ಬೇಡವೆಂದು ತಾವು ಹೇಳಿ ಕಳಿಸಿದ್ದು ತಿಳಿಯಿತು. ಆ ಮಾತು ನಡೆಯುವುದಿಲ್ಲ, ಸಲ್ಲುವ ಕಾಳು ಸಲ್ಲಿಸುತ್ತೇನೆ.

ಮಂದೆಯನ್ನು ಮೊದಲು ಹುಣಸೆಮರದ ಕಡೆಯ ಗದ್ದೆಯಲ್ಲಿ, ಅಂದರೆ ನಮ್ಮ ಈಶ್ವರಮ್ಮನ ಗದ್ದೆಯಲ್ಲಿ ಕೂರಿಸುವುದು. ಅಲ್ಲಿಯದು ಮುಗಿದ ಮೇಲೆ ಹಳ್ಳದ ಕಡೆಯದಕ್ಕೆ ಬರುವುದು. ಈ ಸಲ ನಾನು ಊರಲ್ಲೇ ಇರುತ್ತೇನೆ, ಬದುವಿನ ಮೇಲೆ ನಿಂತು ತೋರಿಸುತ್ತೇನೆ. ಕುರಿ ದಾರಿ ತಪ್ಪಿ ಬಂದವೆಂದು ಯಾರೂ, ಮುಖ್ಯವಾಗಿ ಆಕೆ, ಭಾವಿಸಬಾರದು. ಅದಕ್ಕೇ ನನ್ನ ಸ್ವಂತ ಕೈಬರಹದಲ್ಲಿ ಬರೆದು ಕಳಿಸಿದ್ದೇನೆ. ಬೇಕಾದರೆ ಇದನ್ನು ಆಕೆಗೆ ಓದಿ ಹೇಳಿ.

ತಾವು ಮನೆ ನೋಡಲು ಬಂದಾಗ, ಹಳ್ಳದಿಂದ ಹುಣಸೆಮರದ ತನಕ ಎಲ್ಲಾ ನಮ್ಮದೇ ಎಂದು ಏರಿಯ ಮೇಲೆ ನಿಂತು ನಾನು ಹೇಳಿದ್ದು ತಮಗೆ ನೆನಪಿರಬಹುದು. ಆ ಮಾತು ಹಾಗೇ ಇರಲಿ.

ಗಾಡಿಯಲ್ಲಿ ಬರುವುದಾದರೆ ದಾರಿ ತೆರೆದಿದೆ.

ಚಂದ್ರಶೇಖರಪ್ಪ